ಇಟ್ಟಿಗೆ ಗೂಡಿದ್ದ ಜಾಗ

ಯಲಹಂಕದ ಪಕ್ಕದ ನಮ್ಮ ಹಳ್ಳಿ ಸಿಂಗಾಪುರದಲ್ಲಿ ನಮ್ಮಪ್ಪನಿಗೆ ಇಟ್ಟಿಗೆ ಗೂಡಿತ್ತು. ಜಾಲಹಳ್ಳಿ, ಯಲಹಂಕದ ಕಡೆ ಮನೆಗಳು ಏಳತೊಡಗಿದಾಗ ನಮ್ಮ ಹೊಲದ ರಾಗಿಗಿಂತ ಮಣ್ಣಿಗೇ ಬೇಡಿಕೆ ಬಂತು. ಹೊಲವನ್ನು ಅಗೆದು ಇಟ್ಟಿಗೆ ಸುಟ್ಟೆವು. ಊರು ಮೇಲೇರಿದಂತೆಲ್ಲ ನಮ್ಮ ಹೊಲ ಕೆಳಗಿಳಿಯಿತು.

ಮಣ್ಣು ಮುಗಿದ ಮೇಲೆ ಇನ್ನೊಂದು ವ್ಯಾಪಾರ ಶುರುವಾಯಿತು. ನಗರದೊಳಗೆ ಕೆಡವಿದ ಹಳೇ ಮನೆಗಳ ಗೋಡೆ, ಹರಿದ ಹಾಸಿಗೆ, ಪ್ಲಾಸ್ಟಿಕ್ಕು, ಕಸ ಎಲ್ಲವೂ ಲಾರಿಯಲ್ಲಿ ಬಂದು ಆ ಗುಂಡಿಗೆ ಬಿದ್ದವು. ಮೇಲೆ ಎರಡಡಿ ಕೆಂಪು ಮಣ್ಣು ಹರಡಿ, ಅಪ್ಪ ಸೈಟು ಮಾಡಿ ಮಾರಿದರು.

ಕಳೆದ ವರ್ಷ ನನ್ನ ಮಗಳ ಟೀಚರ್ ಅಲ್ಲಿನ ನಾಲ್ಕಂತಸ್ತಿನ ಕಟ್ಟಡದ ಕೆಳಮನೆಗೆ ಬಾಡಿಗೆಗೆ ಬಂದರು.

"ಬಾಗಿಲು ಹಾಕೋಕೇ ಆಗ್ತಿಲ್ಲ ಕಣ್ರೀ. ಮರ ಊದ್ಕೊಂಡಿರ್ಬೇಕು," ಅಂದರು.

ಹೋಗಿ ನೋಡಿದೆ. ಮರ ಸರಿಯಾಗಿಯೇ ಇತ್ತು, ಓರೆಯಾಗಿದ್ದದ್ದು ಚೌಕಟ್ಟು. ಅಡುಗೆಮನೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಅದರೊಳಗಿಂದ ಕೊಳೆತ ವಾಸನೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅಪ್ಪ ನನ್ನ ಜೊತೆ ಬಂದರು. ಮೊಣಕಾಲೂರಿ ಕೂತು ಟೈಲ್ಸಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರು. ಟೊಳ್ಳು ಸದ್ದು.

"ಇವತ್ತೇ ಖಾಲಿ ಮಾಡ್ರಮ್ಮಾ. ಇದ್ರ ಕೆಳ್ಗೆ ನೆಲ ಇಲ್ಲ. ತುಂಬ್ಸಿದೋನು ನಾನೇ."

ಟೀಚರ್ ಅಪ್ಪನನ್ನೇ ನೋಡಿದರು. "ಮಾರುವಾಗ ಇದನ್ನ ಹೇಳಿದ್ರಾ?"

"ಅವ್ರು ಕೇಳ್ಲಿಲ್ಲ. ನಾನೂ ಏಳ್ಲಿಲ್ಲ."

ನಾನು ಅಪ್ಪನ ಮುಖ ನೋಡಲಾರದೆ ಹೊರಗೆ ಬಂದು ನಿಂತೆ.

ಟೀಚರ್ ಆ ವಾರವೇ ಮನೆ ಬಿಟ್ಟರು. ನಾನೂ ಅಪ್ಪನೂ ಕಟ್ಟಡದ ಮಾಲೀಕರ ಬಳಿಯೂ ಹೋದೆವು. ಅವರು ನಕ್ಕರು. "ಈ ಬೀದೀಲಿ ಎಲ್ಲಾ ಮನೆಗೂ ಬಿರುಕಿದೆ ಯಜಮಾನ್ರೇ. ಎಲ್ಲಾ ಕೆಡವೋಕಾಗುತ್ತಾ? ಹೊರಗೆಲ್ಲೂ ಬಾಯ್ಬಿಡ್ಬೇಡಿ, ಸೈಟ್ ರೇಟ್ ಬಿದ್ದೋಗುತ್ತೆ."

ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿಸಿದರು. ಹತ್ತು ದಿನದೊಳಗೆ ಹೊಸ ಸಂಸಾರ ಬಂತು: ಗಂಡ, ಹೆಂಡತಿ, ಎಳೆಗೂಸು. ಅಪ್ಪ ಅವರಿಗೂ ಹೇಳಲು ಹೋದರು. ಮುದುಕನಿಗೆ ಅರಳುಮರಳೆಂದು ಮಾಲೀಕರು ಮೊದಲೇ ತಿಳಿಸಿದ್ದರಂತೆ. ಆ ಹೆಂಗಸು ಕುಡಿಯಲು ನೀರು ಕೊಟ್ಟು ಮರ್ಯಾದೆಯಿಂದಲೇ ಕಳಿಸಿದಳು.

ಪಾಲಿಕೆ ಕಚೇರಿಗೆ ನಾವು ಬರೆದ ಅರ್ಜಿ ನೋಡಿ ಇನ್ನೂ ಯಾರೂ ಬಂದಿಲ್ಲ. ಮಳೆ ಶುರುವಾಗಿದೆ. ಅಪ್ಪ ದಿನವೂ ಬೆಳಿಗ್ಗೆ ಪೆನ್ಸಿಲ್ ಹಿಡಿದು ಆ ಬೀದಿಗೆ ಹೋಗುತ್ತಾರೆ, ಹೊರಗೋಡೆಗಳಲ್ಲಿ ಬಿರುಕು ಹಳೇ ಗೆರೆ ದಾಟಿದ್ದರೆ ಅದರ ತುದಿಗೆ ಹೊಸ ಗೆರೆ ಎಳೆಯುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಈ ವಾರ ಎರಡು ಸಲ ಹೊಸ ಗೆರೆ ಎಳೆದು ಬಂದರು. ಎರಡನೆಯದು ಇವತ್ತೇ. ಅವರು ಕೈ ತೊಳೆದುಕೊಂಡು ಊಟಕ್ಕೆ ಕೂತರು.