ಸುಡದ ಕೈ

ಹಾಲು ಉಕ್ಕಿತು ಅಂತ ನಾನು ಕೂಗಿದ್ದೇ ತಪ್ಪಾಯಿತೋ ಏನೋ. ಕೂಗದೇ ಇದ್ದಿದ್ದರೆ ಅಕ್ಕ ನಿಧಾನಕ್ಕೆ ಎದ್ದು, ಮಸಿಬಟ್ಟೆ ಹುಡುಕಿ, ಪಾತ್ರೆ ಇಳಿಸುತ್ತಿದ್ದಳು; ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಕೂಗು ಕೇಳಿ ನನ್ನ ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಓಡಿ ಬಂದವಳು, ಸ್ಟೌ ಮೇಲೆ ಕುದಿಯುತ್ತಿದ್ದ ಪಾತ್ರೆಯ ಕಂಠವನ್ನು ಬರಿಗೈಯಲ್ಲಿ ಹಿಡಿದು ಎತ್ತಿ ನೆಲಕ್ಕಿಟ್ಟಳು. "ಅಷ್ಟೇನೂ ಚೆಲ್ಲಿಲ್ಲ ಬಿಡ್ರಿ ಟೀಚರಮ್ಮ" ಅಂದಳು. ಅಯ್ಯೋ ಅನ್ನಲಿಲ್ಲ, ಕೈ ಒದರಲಿಲ್ಲ, ಸುಟ್ಟ ಬೆರಳನ್ನು ಎಲ್ಲರ ಹಾಗೆ ಕಿವಿಗೆ ಒತ್ತಿಕೊಳ್ಳಲಿಲ್ಲ. ನಾನು ನೋಡುತ್ತಿದ್ದಂತೆ ಅವಳ ಕಿರುಬೆರಳು, ಉಂಗುರದ ಬೆರಳು ಎರಡರ ಮೇಲೂ ಚರ್ಮ ಬೆಳ್ಳಗಾಗಿ ಬೊಬ್ಬೆ ಎದ್ದಿತು. ಅವಳು ಮಗುವಿನ ಮೂಗು ಒರೆಸುತ್ತಾ ಹೊರಗೆ ಹೋದಳು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹಿರಿಯೂರಿನಲ್ಲಿ ಪ್ರೈಮರಿ ಶಾಲೆಯ ಟೀಚರ್. ಗಂಡ ಲಾರಿ ಡ್ರೈವರ್; ಪೂನಾ ಕಡೆ ಹೋದರೆ ಹದಿನೈದು ದಿನ ಮುಖ ಕಾಣುತ್ತಿರಲಿಲ್ಲ. ಎಂಟು ತಿಂಗಳ ಮಗಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳೇ ಈ ಅಕ್ಕ. ಅಕ್ಕ ಅಂದರೆ ರಕ್ತಸಂಬಂಧವೇನಲ್ಲ. ಹರಿಯಬ್ಬೆ ಕಡೆಯ ವಿಧವೆ, ಮಕ್ಕಳಿಲ್ಲ, ನಮ್ಮ ಸಭೆಯವಳು. ಊರಲ್ಲಿ ನಮ್ಮ ಕ್ರೈಸ್ತರ ಮನೆಗಳು ಹದಿನೈದೋ ಹದಿನಾರೋ ಇದ್ದವು. ಭಾನುವಾರ ಹೆಂಚಿನ ಮಂದಿರದಲ್ಲಿ ಹೆಂಗಸರ ಚಾಪೆಯ ಮೇಲೆ ಗೋಡೆಯ ಪಕ್ಕ ನಾನು, ನನ್ನ ಪಕ್ಕ ಅವಳು. ನನ್ನ ಮಗಳಿಗೆ ಅನ್ನ ಕಿವುಚಿ ತಿನ್ನಿಸುವವಳೂ ಅವಳೇ, ಎಣ್ಣೆ ತಿಕ್ಕಿ ಎರೆಯುವವಳೂ ಅವಳೇ. ಮಗು ಹಟ ಮಾಡಿದರೆ ಚೀಪಲು ತನ್ನ ಬೆರಳನ್ನೇ ಕೊಡುತ್ತಿದ್ದಳು.

ಆ ಬೆರಳೇ ಆಗ ನನ್ನ ಕಣ್ಣಿಗೆ ಕಟ್ಟಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ದುಡಿದು ದುಡಿದು ಕೈ ಜಡ್ಡುಗಟ್ಟಿದೆ ಅಂದುಕೊಂಡು ಸುಮ್ಮನಾಗುತ್ತಿದ್ದರು. ನನಗೆ ಆ ಭಾಗ್ಯ ಇರಲಿಲ್ಲ. ಹಿಂದಿನ ವರ್ಷ ಆರೋಗ್ಯ ಇಲಾಖೆಯವರೊಬ್ಬರು ಶಾಲೆಗೆ ಬಂದು ಟೀಚರುಗಳಿಗೆಲ್ಲ ಪಾಠ ಮಾಡಿ ಹೋಗಿದ್ದರು. ಮೈಮೇಲೆ ತಿಳಿಬಣ್ಣದ ಮಚ್ಚೆ, ಅಲ್ಲಿ ಕೋಳಿಗರಿ ಸವರಿದರೆ ತಿಳಿಯದು, ಚುಚ್ಚಿದರೆ ನೋಯದು, ಕೈಗೆ ಬಿಸಿ ಗೊತ್ತಾಗದು. ಹಾಗಿದ್ದರೆ ಅದು ಕುಷ್ಠ. ಬೇಗ ಆಸ್ಪತ್ರೆಗೆ ಕರೆತಂದರೆ ಮಾತ್ರೆಯಿಂದ ವಾಸಿ, ತಡವಾದರೆ ಬೆರಳು ಹೋಗುತ್ತವೆ. ಇದನ್ನೆಲ್ಲ ನಾನು ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಟೀಚರ್ ಅಲ್ಲವೇ!

ನಮ್ಮ ಕಡೆ ಅದರ ಹೆಸರು ಯಾರೂ ಎತ್ತುವುದಿಲ್ಲ. ದೊಡ್ಡರೋಗ ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಿಂದಿನ ಬೀದಿಯ ಒಬ್ಬ ಮುದುಕನಿಗೆ ಬಂದಿದೆ ಎಂದು ಸುದ್ದಿಯಾಗಿ, ಮೊದಲು ಬಾವಿಯ ಹಗ್ಗ ಮುಟ್ಟಬೇಡ ಎಂದರು, ಆಮೇಲೆ ಬೀದಿಯನ್ನೇ ಬಿಡಿಸಿದರು. ಐಮಂಗಲದ ರಸ್ತೆಯಲ್ಲಿ ಒಂದು ಮರದ ಕೆಳಗೆ ಅವನು ಕೂತಿದ್ದನ್ನು ಬಸ್ಸಿನಿಂದ ನಾನೇ ನೋಡಿದ್ದೆ. ನೋಡಿ ಕಿಟಕಿಯಿಂದ ಮುಖ ತಿರುಗಿಸಿಕೊಂಡಿದ್ದೆ.

ಹಾಲು ಉಕ್ಕಿದ ವಾರದ ಭಾನುವಾರ ಅಕ್ಕ ನಮ್ಮ ಮನೆಯಲ್ಲೇ ಉಂಡು ನಡುಮನೆಯಲ್ಲಿ ಮಲಗಿದ್ದಳು, ಪಕ್ಕದಲ್ಲಿ ನನ್ನ ಮಗಳು. ಅವಳ ಮೊಣಕೈ ಹತ್ತಿರ, ರವಿಕೆಯ ತೋಳಿನ ಕೆಳಗೆ, ವೀಳ್ಯದೆಲೆಯಷ್ಟು ಅಗಲದ ಮಾಸಲು ಮಚ್ಚೆ ಇತ್ತು. ಎಷ್ಟು ದಿನದಿಂದ ಇತ್ತೋ, ನಾನು ಯಾವತ್ತೂ ಕಣ್ಣು ಬಿಟ್ಟು ನೋಡಿರಲಿಲ್ಲ. ಸೆರಗಿನ ಪಿನ್ನು ತೆಗೆದೆ. ಮೆಲ್ಲಗೆ ಚುಚ್ಚಿದೆ. ಅವಳು ಅಲುಗಲಿಲ್ಲ. ಇನ್ನಷ್ಟು ಒತ್ತಿದೆ, ಒಂದು ಹನಿ ರಕ್ತ ಬಂತು. ಅವಳ ಉಸಿರು ಹಾಗೇ ನಿಧಾನಕ್ಕೆ ಏರಿಳಿಯುತ್ತಿತ್ತು. ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದೆ, ಹಗಲು ಹೊತ್ತಿನಲ್ಲೇ ಮತ್ತೊಮ್ಮೆ ಅದಕ್ಕೆ ಸೋಪು ಹಾಕಿ ಸ್ನಾನ ಮಾಡಿಸಿದೆ. ನಿದ್ದೆಗೆಟ್ಟ ಮಗು ಕಿರುಚಿ ಕಿರುಚಿ ಅತ್ತಿತು.

ಆವತ್ತೇ ಹೇಳಬೇಕಿತ್ತು. ಎಬ್ಬಿಸಿ ಕೂರಿಸಿ, "ಅಕ್ಕಾ, ನಾಳೆ ದುರ್ಗದ ದೊಡ್ಡಾಸ್ಪತ್ರೆಗೆ ಹೋಗೋಣ" ಅಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಅವಳನ್ನು ಓಡಿಸುತ್ತಾರೆ, ಅಷ್ಟೇ ಅಲ್ಲ, ಆ ಕೈ ಆಡಿಸಿದ ಮಗು ಇರುವ ಮನೆ ಎಂದು ನನ್ನ ಬಾಗಿಲಿಗೂ ಯಾರೂ ಬರುವುದಿಲ್ಲ. ಬುಧವಾರ ಒಂದು ಸುಳ್ಳು ಹೊಸೆದೆ: "ನಮ್ಮಮ್ಮ ಬರ್ತಾಳೆ ಅಕ್ಕಾ, ಮಗು ನೋಡ್ಕೊಳ್ಳೋಕೆ. ನೀನು ಇನ್ನು ಆಯಾಸ ಮಾಡ್ಕೋಬೇಡ." ಅವಳ ಮುಖ ಬಾಡಿತು. "ಒಳ್ಳೇದೇ ಆತಲ್ಲ, ಅಜ್ಜಿ ಕೈಲಿ ಬೆಳೀಲಿ" ಎಂದು ಮಗುವಿನ ಕೆನ್ನೆಗೆ ಮುತ್ತು ಕೊಡಲು ಬಗ್ಗಿದಳು. ನಾನು ಏನೋ ನೆಪ ಮಾಡಿ ಮಗುವನ್ನು ಹಿಂದಕ್ಕೆ ಎಳೆದುಕೊಂಡೆ. ನಮ್ಮಮ್ಮ ಬರಲಿಲ್ಲ, ಆಮೇಲೆ ಕಾಡಿ ಬೇಡಿ ಕರೆಸಿಕೊಳ್ಳಬೇಕಾಯಿತು.

ಆ ತಿಂಗಳು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಭಾನುವಾರ ಬಂತು. ಚಿತ್ರದುರ್ಗದಿಂದ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಮೊದಲ ಬಸ್ಸಿಗೆ ಬರುತ್ತಿದ್ದರು. ನಮ್ಮದು ಒಂದೇ ಬಟ್ಟಲು. ಮೊದಲು ಗಂಡಸರು, ಆಮೇಲೆ ಹೆಂಗಸರು, ಚಾಪೆಯ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಅದೇ ಬಟ್ಟಲಿಗೆ ಬಾಯಿಡಬೇಕು. ಸುತ್ತಲಿನ ಊರೆಲ್ಲ ಎಂಜಲು ಎಂಜಲು ಅಂತ ದೂರ ನಿಲ್ಲುವಾಗ ನಮ್ಮಲ್ಲಿ ಎಂಜಲಿಲ್ಲ ಎಂಬುದೇ ನಮಗೆ ದೊಡ್ಡ ಹೆಮ್ಮೆ. ಅಯ್ಯನವರು ಅಂದು ಮಾಡಿದ ಪ್ರಸಂಗ, ಅವರ ಉಪದೇಶವೂ, ಹಾಗೇ ಇತ್ತು. "ದೇವ್ರನ್ನ ಪ್ರೀತಿಸ್ತೀನಿ ಅಂತ ತೋರ್ಸೋಕೆ ಆಕಾಶಕ್ಕೆ ಏಣಿ ಹಾಕ್ಬೇಕಿಲ್ಲಮ್ಮ. ಚಾಪೆ ಮೇಲೆ ನಿನ್ನ ಪಕ್ಕದಲ್ಲಿ ಯಾರು ಕುಂತವ್ರೆ ನೋಡು, ಸಾಕು" ಎಂದರು. ನಾನು ನೋಡಲಿಲ್ಲ.

ಬಟ್ಟಲು ಅಕ್ಕನ ತುಟಿಗೆ ಹೋಯಿತು. ಅವಳು ಕಣ್ಣು ಮುಚ್ಚಿ ಕುಡಿದಳು. ಅಂಚು ಒರೆಸಿ ಅಯ್ಯನವರು ನನ್ನ ಕಡೆ ತಿರುಗಿದರು. ದ್ರಾಕ್ಷಾರಸದಲ್ಲಿ ನನ್ನದೇ ಮುಖ ಅಲುಗಾಡುತ್ತಿತ್ತು. ತುಟಿ ಬಿಗಿಹಿಡಿದು ಬಟ್ಟಲಿಗೆ ತಾಗಿಸಿದೆ, ನುಂಗಿದವಳಂತೆ ಗಂಟಲು ಆಡಿಸಿದೆ, ಸೆರಗಿನಿಂದ ಬಾಯನ್ನು ಗಸಗಸ ಒರೆಸಿಕೊಂಡೆ. ದೇವರ ಮುಂದೆಯೇ ನಾಟಕ! ಓದೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. "ಯಾಕ್ರಿ ಟೀಚರಮ್ಮ, ಮೈ ನಡುಗ್ತೈತಲ್ಲ, ಜ್ವರ ಏನಾರ ಬಂತಾ?" ಎಂದು ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು. ಮನೆಗೆ ಬಂದು ಹಣೆ ಉರಿಯುವವರೆಗೆ ತಿಕ್ಕಿ ತೊಳೆದೆ.

ಇದಿಷ್ಟೇ ಆಗಿದ್ದರೆ ಹೆದರುಪುಕ್ಕಿ ಅಂತ ನನ್ನನ್ನು ನಾನೇ ಬೈದುಕೊಂಡು ಮರೆಯಬಹುದಿತ್ತು. ಆದರೆ ಒಂದು ಸಂಜೆ ಬಜಾರಿನ ಬಟ್ಟೆ ಅಂಗಡಿಯ ಸಾಹುಕಾರರ ಹೆಂಡತಿ ನಮ್ಮ ಮನೆಗೆ ಬಂದರು. ಬಾಣಂತನದಲ್ಲಿ ನಿತ್ರಾಣವಾಗಿದ್ದ ಹೆಂಗಸು. ಗಂಡು ಕೂಸನ್ನು ಎತ್ತಲೂ ಶಕ್ತಿಯಿಲ್ಲ. "ನಿಮ್ಮನೇಲಿ ಮಗು ನೋಡ್ಕಂಡಿದ್ಲಲ್ಲ, ಆಯಮ್ಮನ್ನ ಇಟ್ಕಳಾಣ ಅಂತ. ಹೆಂಗೆ ಆಕೆ? ನೀವು ಓದಿದೋರು, ನಿಮ್ಮ ಮಾತಿನ ಮೇಲೆ ಇಟ್ಕಂತೀನಿ" ಎಂದರು. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂತ ಹೇಳಿದರೆ ಅಕ್ಕನ ಅನ್ನಕ್ಕೆ ಕಲ್ಲು. ಯಾರ ಮೇಲೂ ಚಾಡಿ ಹೇಳಬಾರದು ಎಂದು ಸಭೆಯಲ್ಲಿ ಚಿಕ್ಕಂದಿನಿಂದ ಕಲಿತದ್ದು ಆ ಗಳಿಗೆಯಲ್ಲಿ ಎಷ್ಟು ಚೆನ್ನಾಗಿ ಕೈಗೆ ಸಿಕ್ಕಿತು ನೋಡಿ! "ಬಂಗಾರದಂಥ ಹೆಂಗಸು" ಎಂದೆ. ಅದು ಸುಳ್ಳೂ ಅಲ್ಲ.

ಅಂದಿನಿಂದ ನನಗೆ ನೆಮ್ಮದಿ ಎಂಬುದು ಹಾಳಾಯಿತು. ದಿನವೂ ಶಾಲೆಯಿಂದ ಬಂದವಳೇ ಮಗಳ ಬಟ್ಟೆ ಬಿಚ್ಚಿ, ಕೋಳಿಗರಿ ತೆಗೆದುಕೊಂಡು ಅಂಗಾಲಿನಿಂದ ಕತ್ತಿನವರೆಗೆ ಸವರುತ್ತಿದ್ದೆ. ಅದಕ್ಕೆ ಆಟ, ಕಚಗುಳಿಯಾಗಿ ಕಿಲಕಿಲ ನಗುತ್ತಿತ್ತು. ಒಂದೊಂದು ಸಲ ಸವರಿದರೂ ನಗದೆ ಸುಮ್ಮನೆ ನನ್ನನ್ನೇ ನೋಡುತ್ತಿತ್ತು. ಆಗ ಮತ್ತೆ ಸವರುತ್ತಿದ್ದೆ, ನಗುವವರೆಗೆ ಸವರುತ್ತಿದ್ದೆ. "ಏನೇ ಇದು ಹುಚ್ಚು ನಿಂದು?" ಎಂದು ಅಮ್ಮ ಬೈಯುತ್ತಿದ್ದಳು. ಅವಳಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಸಾಹುಕಾರರ ಜಗಲಿ. ಅಲ್ಲಿ ಅಕ್ಕ ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಿದ್ದಳು. ಕೂಸು ಅವಳ ಬೆರಳು ಚೀಪುತ್ತಿರುತ್ತಿತ್ತು. "ಬರ್ರಿ ಟೀಚರಮ್ಮ, ಕುಂತ್ಕಳ್ರಿ" ಎಂದು ಕರೆದರೆ ಗಂಟೆಯಾಯಿತು ಎಂದು ಓಡುತ್ತಿದ್ದೆ. ತಿಂಗಳುಗಳು ಕಳೆದಂತೆ ಅವಳ ಕಿರುಬೆರಳು ಒಳಕ್ಕೆ ಬಾಗತೊಡಗಿತು, ಆಮೇಲೆ ಪಕ್ಕದ್ದು. ಅವಳು ಅದನ್ನು ವಾಯು ಅಂದುಕೊಂಡು ಬೇವಿನೆಣ್ಣೆ ಹಚ್ಚುತ್ತಿದ್ದಳು. ನಾನು ಒಂದು ದಿನ ಆ ಬೀದಿಯನ್ನೇ ಬಿಟ್ಟು ಸುತ್ತುದಾರಿ ಹಿಡಿದೆ.

ಭಾನುವಾರದ ಶಾಲೆಯಲ್ಲಿ ಸಭೆಯ ಮಕ್ಕಳಿಗೆ ಪಾಠ ಹೇಳುವವಳೂ ನಾನೇ! ಆಷಾಢದ ಒಂದು ಭಾನುವಾರ, ಪಕ್ಕದವರನ್ನು ನಮ್ಮಂತೆಯೇ ಪ್ರೀತಿಸಬೇಕು ಎಂದು ಹೇಳುತ್ತಿದ್ದಾಗ ಒಂದು ಹುಡುಗಿ, "ನಮ್ಮಂಗೇ ಅಂದ್ರೆ ಎಂಗೆ ಟೀಚರ್?" ಎಂದು ಕೇಳಿತು. "ನಮ್ಮನೆಗೆ ಯಾವ ಕಷ್ಟ ಬ್ಯಾಡವೋ ಅದನ್ನ ಪಕ್ಕದ ಮನೆಗೆ ಕಳಿಸ್ಬಾರ್ದು, ಅಷ್ಟೇ" ಎಂದು ಸುಲಭಕ್ಕೆ ಹೇಳಿಬಿಟ್ಟೆ. ಹೇಳಿದ ಮೇಲೆ ನಾನು ಮಾಡಿದ್ದು ನೆನಪಾಯಿತು. ನನ್ನ ಮಗಳನ್ನು ಅಕ್ಕನಿಂದ ಹಿಂದಕ್ಕೆ ಎಳೆದುಕೊಂಡೆ. ಸಾಹುಕಾರರ ಮಗನನ್ನು ನನ್ನ ಬಾಯಾರೆ ಅವಳಿಗೆ ಒಪ್ಪಿಸಿದೆ. ಅಕ್ಕನ ಕೈಯನ್ನಂತೂ ಕಣ್ಣೆದುರೇ ಸಾಯಲು ಬಿಟ್ಟೆ. ಪಾಠ ಅರ್ಧಕ್ಕೇ ಮುಗಿಸಿದೆ.

ಮಾರನೆಯ ದಿನ ಶಾಲೆ ಬಿಟ್ಟವಳು ನೆಟ್ಟಗೆ ಆ ಜಗಲಿಗೆ ಹೋದೆ. ಕಾಲು ಹಿಂದಕ್ಕೆ ಎಳೆಯುತ್ತಿದ್ದವು, ಸುಳ್ಳು ಯಾಕೆ ಹೇಳಲಿ. ಅಕ್ಕ ಕೂಸಿನ ಜೊತೆ ಒಬ್ಬಳೇ ಇದ್ದಳು. "ಅಕ್ಕಾ, ನಿನ್ನ ಕೈಗೆ ಬಿಸಿ ಗೊತ್ತಾಗ್ತದಾ?" ಎಂದೆ. ನಕ್ಕಳು. "ಕೂಲಿ ಮಾಡಿದ ಕೈ ಅಲ್ವಾ, ಜಡ್ಡುಗಟ್ಟೈತೆ." ಆಗ ಎಲ್ಲ ಹೇಳಿದೆ. ಮಚ್ಚೆ, ಪಿನ್ನು, ದುರ್ಗದ ಆಸ್ಪತ್ರೆಯ ಮಾತ್ರೆ, ಕೊನೆಗೆ ಆ ಹೆಸರನ್ನೂ. ಅವಳ ಮುಖದಿಂದ ನಗು ಇಳಿದುಹೋಯಿತು.

"ಯಾವಾಗ ಗೊತ್ತಾತು ನಿಮ್ಗೆ?"

"ಹಾಲು ಉಕ್ಕಿದ ವಾರ. ನೀನು ನಮ್ಮನೆ ಬಿಡೋಕೆ ಮುಂಚೆ."

ಬೈಯಲಿ ಎಂದು ಕಾದೆ. ನಿನ್ನ ಮನೆ ಹಾಳಾಗ ಎಂದು ಮಣ್ಣು ತೂರಲಿ ಎಂದು ಕಾದೆ. ಅವಳು ಮೊದಲು ಮಾಡಿದ ಕೆಲಸ ಬೇರೆ. ಅಂಗೈ ತಾಗದಂತೆ ಮೊಣಕೈಗಳಿಂದಲೇ ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಜಗಲಿ ಇಳಿದು ಬೀದಿಯ ನಡುವೆ ಹೋಗಿ ನಿಂತಳು. "ಒಳಗೆ ಅದರ ತಾಯಿಗೆ ನೀವೇ ಕೊಟ್ಟು ಇದ್ದದ್ದನ್ನ ಇದ್ದಂಗೆ ಹೇಳ್ರಿ. ಮಗೀನ ಡಾಕ್ಟ್ರಿಗೆ ತೋರಿಸ್ಲಿ."

"ಹೇಳಿದ್ರೆ ನಿನ್ನ ಊರಲ್ಲಿ ಇರಗೊಡಲ್ಲ ಅಕ್ಕಾ."

"ಅದು ಆಮೇಲಿನ ಮಾತು. ಹೇಳ್ರಿ." ಆಮೇಲೆ ಕೇಳಿದಳು: "ನಿಮ್ ಮಗ್ಳು? ಅದಕ್ಕೇನೂ ಆಗಿಲ್ಲ ತಾನೇ?"

ಇಲ್ಲ ಎಂದೆ. "ಸದ್ಯ" ಎಂದು ಅಲ್ಲೇ ಬೀದಿಯಲ್ಲಿ ಕುಕ್ಕರಿಸಿ ಅತ್ತಳು. ಕೂಸು ಅವಳ ಕಡೆಗೆ ಎರಡೂ ಕೈ ಚಾಚಿ ಅಳುತ್ತಿತ್ತು. ಅವಳು ತನ್ನ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಏಳು ತಿಂಗಳು ನನ್ನಿಂದ ಆಗದ್ದನ್ನು ಅವಳು ಒಂದು ನಿಮಿಷದಲ್ಲಿ ಮಾಡಿದ್ದಳು.

ನಾನು ಹೇಳಿದ್ದೆಲ್ಲ ಕೇಳಿ ಸಾಹುಕಾರರ ಹೆಂಡತಿ ಕೂಸನ್ನು ಕಿತ್ತುಕೊಂಡು ನನ್ನ ಮುಖದ ಮೇಲೆ ಬಾಗಿಲು ಹಾಕಿದರು, ಹಾಕಬೇಕಾದ್ದೇ. ಮಾರನೆಯ ದಿನ ಅಕ್ಕನ ಜೊತೆ ದುರ್ಗದ ಬಸ್ಸು ಹತ್ತಿದೆ. ಅವಳು ಹಿಂದೆ ನಿಂತೇ ಬರುತ್ತೇನೆ ಎಂದಳು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಧೈರ್ಯ ಬಂದಿತ್ತು ಅಂತಲ್ಲ, ದಾರಿಯುದ್ದಕ್ಕೂ ನನ್ನ ಅಂಗೈ ಬೆವರುತ್ತಲೇ ಇತ್ತು. ಮಡಿಲಲ್ಲಿ ಮಗಳೂ ಇದ್ದಳು, ತೋರಿಸಲೆಂದು.

ಮಗಳಿಗೆ ಏನೂ ಇರಲಿಲ್ಲ. ಡಾಕ್ಟರು ಅಕ್ಕನ ಕೈಯನ್ನು ಬರಿಗೈಯಲ್ಲೇ ಹಿಡಿದು, ಬೆರಳು ಬಿಡಿಸಲು ನೋಡಿದರು. ಎರಡು ಬೆರಳು ಬಿಡಿಸಿಕೊಳ್ಳಲಿಲ್ಲ. "ರೋಗ ವಾಸಿಯಾಗುತ್ತೆ, ಭಯ ಬೇಡ. ಈ ಎರಡು ಮಾತ್ರ ಇನ್ನು ಹೀಗೇ. ನಾಲ್ಕೈದು ತಿಂಗಳು ಮುಂಚೆ ಬಂದಿದ್ರೆ ಇವೂ ಉಳೀತಿದ್ವು" ಎಂದು ನನ್ನ ಕಡೆ ತಿರುಗಿದರು. "ನೀವು ಟೀಚರ್ ಅಂತೀರಿ. ಜೊತೇಲೇ ಇದ್ದೋರು, ಗೊತ್ತಾಗ್ಲಿಲ್ವಾ?"

ಅಕ್ಕ ನಡುವೆ ಬಾಯಿ ಹಾಕಿದಳು.

"ಇವ್ರನ್ನೇನೂ ಅನ್ಬ್ಯಾಡ್ರಿ ಸಾಮಿ. ಗೊತ್ತಾದ ತಕ್ಷಣ ಕರ್ಕಂಡ್ ಬಂದವ್ರೆ."

ಅಲ್ಲ ಎಂದು ಹೇಳಲು ನನಗೆ ಅಂದೂ ಬಾಯಿ ಬರಲಿಲ್ಲ.