ಬಟ್ಟೆಯಡಿ ಬಚ್ಚಿಟ್ಟ ಮಲತಾಯಿ

ಪುಸ್ತಕದಕ್ಕ ಮದುವೆಯಾಗುತ್ತಾಳೆಂದು ಯಾರೂ ಎಣಿಸಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಗ್ರಂಥಾಲಯದ ಮಕ್ಕಳ ಕೋಣೆಯೇ ಅವಳ ಸಂಸಾರವಾಗಿತ್ತು. ಹರಿದ ಪುಟಕ್ಕೆ ಅಂಟು ಹಚ್ಚುವುದು, ಗಿಡ್ಡ ಕುರ್ಚಿಗಳನ್ನು ಒರೆಸುವುದು, ಶನಿವಾರ ಮಧ್ಯಾಹ್ನ ಚಾಪೆ ಹಾಸಿ ಮಕ್ಕಳಿಗೆ ಕಥೆ ಓದುವುದು. ರಾಕ್ಷಸನಿಗೊಂದು ದನಿ, ಕಪ್ಪೆಗೊಂದು ದನಿ ತೆಗೆದು ಓದುತ್ತಿದ್ದರೆ, ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರೂ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಅಂಥವಳು ನಿಂತುಹೋದ ಕೈಗಡಿಯಾರವನ್ನು ರಿಪೇರಿಗೆ ಕೊಡಲು ಹೋಗಿ, ಗಡಿಯಾರದ ಜೊತೆ ರಿಪೇರಿಯವನನ್ನೂ ಕಟ್ಟಿಕೊಂಡು ಬಂದಳೆಂದು ಗೆಳತಿಯರು ಇವತ್ತಿಗೂ ಚುಡಾಯಿಸುತ್ತಾರೆ.

ರಿಪೇರಿಯವನದು ಮಾತು ಕಡಿಮೆ. ಹುಟ್ಟಿನಿಂದ ಒಂದು ಕಾಲು ಗಿಡ್ಡವಾದ್ದರಿಂದ ಕುಂಟುತ್ತ ನಡೆಯುತ್ತಿದ್ದ. ಮೊದಲ ಹೆಂಡತಿ ತೀರಿಕೊಂಡಿದ್ದಳು. ಎಂಟು ವರ್ಷದ ಮಗಳಿದ್ದಳು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಅಂತ. ಗುಬ್ಬಿ ಹೊಸಬಳನ್ನು ‘ಚಿಕ್ಕಮ್ಮ’ ಎಂದಳು, ಬಡಿಸಿದ್ದನ್ನು ತಿಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅಷ್ಟೇ. ಅವಳದು ನೆಂಟರ ಮನೆಯಲ್ಲಿ ಇರುವವರ ನಡವಳಿಕೆ.

ಅದೇ ವರ್ಷ ಗ್ರಂಥಾಲಯಕ್ಕೆ ಸುಣ್ಣಬಣ್ಣವಾಗಿ, ಮಕ್ಕಳ ಕೋಣೆಗೆ ಹೊಸ ಕಪಾಟು ಬಂತು. ನೋಡಲು ಚಂದ, ಪುಸ್ತಕ ಹಿಡಿಯುವುದು ಕಡಿಮೆ.

“ದೊಡ್ಡವರ ವಿಭಾಗಕ್ಕೆಲ್ಲ ಉದ್ದುದ್ದ ಕಪಾಟು, ನಮಗೆ ಮಾತ್ರ ಮಲತಾಯಿ ಧೋರಣೆ,” ಎಂದು ಅಕ್ಕ ಮುಖ್ಯಸ್ಥರ ಕೋಣೆಯಲ್ಲಿ ಗೊಣಗಿದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಗ್ರಂಥಾಲಯದ ಮುಖ್ಯಸ್ಥರು ನಕ್ಕರು. “ಮಲತಾಯಿ ವಿಷಯಕ್ಕೇ ಕರೆದೆ ಮೇಡಂ. ಒಬ್ಬ ತಾಯಿ ದೂರು ಕೊಟ್ಟಿದ್ದಾರೆ. ಆ ನೀಲಿ ರಟ್ಟಿನ ಕಥೆ ಪುಸ್ತಕ ಇದೆಯಲ್ಲ, ಅದರಲ್ಲಿ ಮಲತಾಯಿ ಹುಡುಗಿಗೆ ಕೊಡೋ ಕಾಟ ಓದಿ ಅವರ ಮಗ ಬೆಚ್ಚಿಬಿದ್ದನಂತೆ. ಕಾಲ ಬದಲಾಗಿದೆ. ಹಳೇ ಪುಸ್ತಕಗಳನ್ನೆಲ್ಲ ಒಮ್ಮೆ ಓದಿಬಿಡಿ. ಈಗಿನ ಮಕ್ಕಳಿಗೆ ಯಾವುದು ಆಗುತ್ತೆ, ಯಾವುದು ಬೇಡ, ನೀವೇ ಹೇಳಿ.”

ಅಕ್ಕನಿಗೆ ಬಿಸಿ ತುಪ್ಪ ಬಾಯಿಗಿಟ್ಟಂತಾಯಿತು. ಆ ನೀಲಿ ಪುಸ್ತಕ ಅವಳ ಜೀವ. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದಾಗ ಹೊದಿಕೆಯೊಳಗೆ ಅದನ್ನೇ ಮತ್ತೆ ಮತ್ತೆ ಓದಿದ್ದಳು. ಅದರಲ್ಲಿನ ಮಲತಾಯಿ ಹುಡುಗಿಯ ಕೈಗೊಂದು ಗೋಣಿಚೀಲ ಕೊಟ್ಟು, “ಗಾಳಿ ತುಂಬಿಸ್ಕೊಂಡು ಬಾ, ಇಲ್ಲದಿದ್ದರೆ ಮನೆಗೆ ಬರಬೇಡ,” ಎಂದು ಕಾಡಿಗೆ ಅಟ್ಟುತ್ತಾಳೆ. ಆಗ ಅಕ್ಕ ಆ ಹುಡುಗಿಯ ಪಕ್ಷ. ಈಗ ಓದಲು ಕೂತರೆ ಕಣ್ಣು ಬೇಡವೆಂದರೂ ಮಲತಾಯಿಯ ಮೇಲೇ ಹೋಗುತ್ತಿತ್ತು. ಬೇಡ ಎಂದರೆ ತನಗೆ ಚುಚ್ಚಿತೆಂದು ತೆಗೆಸಿದಂತೆ. ಇರಲಿ ಎಂದರೆ ಹಳೆಯ ಮೋಹಕ್ಕೆ ಇಟ್ಟುಕೊಂಡಂತೆ. ಅಳೆದೂ ಸುರಿದೂ, ಅದನ್ನು ಮನೆಗೆ ತಂದು ಬೀರುವಿನಲ್ಲಿ ತನ್ನ ಬಟ್ಟೆಗಳಡಿ ಬಚ್ಚಿಟ್ಟಳು. ಓದಲೆಂದು ತಂದ ಉಳಿದ ಹಳೆಯ ಪುಸ್ತಕಗಳು ಮನೆಯ ಮೇಜಿನ ಮೇಲಿದ್ದವು. ಎಲ್ಲಕ್ಕೂ ಮೇಲೆ ಒಂದು ತಮಾಷೆಯ ಪುಸ್ತಕ, ಊರೆಲ್ಲ ಅಟ್ಟಿಸಿಕೊಂಡು ಹೋಗುವ ಕುಂಟ ಕಳ್ಳನದು. ಅದನ್ನು ಓದಿದಾಗಲೆಲ್ಲ ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅದರ ಬಗ್ಗೆ ಅಕ್ಕ ಯೋಚಿಸಲೂ ಇಲ್ಲ.

ಒಂದು ಸಂಜೆ ಮನೆಗೆ ಬಂದರೆ ಬೀರು ಬಾಯಿ ತೆರೆದು ನಿಂತಿದೆ, ಬಟ್ಟೆಯೆಲ್ಲ ಮಂಚದ ಮೇಲಿದೆ. ನೆಲದಲ್ಲಿ ಗುಬ್ಬಿ ಬೋರಲು ಮಲಗಿ ನೀಲಿ ಪುಸ್ತಕ ಓದುತ್ತಿದ್ದಾಳೆ.

“ರಿಬ್ಬನ್ ಹುಡುಕ್ತಿದ್ದೆ. ಇದು ಸಿಕ್ತು,” ಎಂದಳು ಗುಬ್ಬಿ, ತಲೆ ಎತ್ತದೆ. “ಚಿಕ್ಕಮ್ಮ, ಮಲತಾಯಿ ಅಂದ್ರೆ ನೀನೇ ತಾನೆ?”

“ಹೂಂ,” ಎಂದಳು ಅಕ್ಕ.

“ಇವಳಿಗೆ ಸ್ವಲ್ಪಾನೂ ತಲೆ ಇಲ್ಲ. ಗಾಳಿ ತುಂಬಿದ ಚೀಲ ತಗೊಂಡು ಏನ್ಮಾಡ್ತಾಳಂತೆ? ಹುಡುಗಿ ಮನೇಲಿ ಇರ್ಬಾರ್ದು ಅಂದ್ರೆ ಸ್ಕೂಲಿಗೆ ಕಳಿಸಿದ್ರಾಯ್ತಪ್ಪ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಅಲ್ಲೇ ನೆಲಕ್ಕೆ ಕೂತಳು.

“ನಿಂಗೆ ಭಯ ಆಗ್ಲಿಲ್ವೇನೇ?”

“ಪುಸ್ತಕಕ್ಕೆ ಯಾಕೆ ಭಯ?” ಗುಬ್ಬಿ ಪುಟದ ಮೂಲೆ ಮಡಿಸಿ ಬಿಡಿಸಿದಳು. “ನೀನು ಬರೋ ಮುಂಚೆ ಆಗಿತ್ತು. ಮೇಲಿನ ಮನೆ ಅಜ್ಜಿ ಏನೇನೋ ಹೇಳಿದ್ರು. ಊಟ ಹಾಕಲ್ಲ ಅಂತ, ಅಮ್ಮನ ಫೋಟೊ ಗೋಡೆಯಿಂದ ತೆಗೆಸ್ತಾಳೆ ಅಂತ. ನೀನು ದಿನಾ ಫೋಟೊ ಒರೆಸ್ತೀಯಲ್ಲ, ಆಮೇಲೆ ಭಯ ಹೋಯ್ತು. ಅಪ್ಪಂಗೆ ಹೇಳ್ಬೇಡ.”

ಹುಡುಗಿ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು.

“ಇದನ್ನ ದನಿ ತೆಗೆದು ಓದು, ಮಲತಾಯಿದು ಜೋರಾಗಿರ್ಲಿ,” ಎಂದು ಗುಬ್ಬಿ ಪುಸ್ತಕ ಮುಂದೆ ಚಾಚಿದಳು. ಅಕ್ಕ ಓದಿದಳು. ಮಲತಾಯಿಯ ದನಿಗೆ ಗುಬ್ಬಿ ಖುಷಿಯಿಂದ ಕಿರುಚಿ ಅವಳ ತೋಳಿಗೇ ಮುಖ ಒತ್ತಿಕೊಂಡಳು.

ಮುಗಿದ ಮೇಲೆ ಅಕ್ಕ ಹುರುಪಿನಿಂದ, “ಆ ಕಳ್ಳನ ಕಥೆ ಓದಿದ್ಯಾ? ತುಂಬ ತಮಾಷೆ ಇದೆ,” ಎಂದಳು.

ಗುಬ್ಬಿಯ ಮುಖ ಬಾಡಿತು. “ಅದು ಬೇಡ.” ಮೇಜಿನ ಮೇಲೆ ಆ ಪುಸ್ತಕ ಇರಲಿಲ್ಲ, ಮಂಚದ ಕೆಳಗೆ, ಗೋಡೆಯ ಮೂಲೆಗೆ ಗುಬ್ಬಿ ತಳ್ಳಿದ್ದಳು. ಅಕ್ಕ ಬಗ್ಗಿ ಎಳೆದು ತೆಗೆದಳು, ತೆರೆದಳು. ‘ಕಾಲು ಸೊಟ್ಟ, ಬುದ್ಧಿಯೂ ಸೊಟ್ಟ’ ಎಂದು ಊರವರು ಹಾಡುತ್ತಾರೆ. ಎಷ್ಟು ಶನಿವಾರ ತಾನೇ ಆ ಸಾಲಿಗೆ ರಾಗ ಹಾಕಿ, ಎದ್ದು ನಿಂತು ಕುಂಟಿ ತೋರಿಸಿ ಮಕ್ಕಳನ್ನು ನಗಿಸಿದ್ದಳು! ಹೊರಗೆ ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಕೇಳಿಸಿತು, ಒಂದು ಗಟ್ಟಿ, ಒಂದು ಮೆಲ್ಲಗೆ. ಅಕ್ಕನ ಕಿವಿ ಬಿಸಿಯಾಯಿತು.

ಊಟವಾದ ಮೇಲೆ ಅವನಿಗೆ ಪುಸ್ತಕ ತೋರಿಸಿದಳು.

“ಓ, ಇದಾ! ಚಿಕ್ಕವನಿದ್ದಾಗ ಓದಿದೀನಿ,” ಎಂದ. “ಆಟದಲ್ಲಿ ಈ ಕಳ್ಳನ ಪಾತ್ರ ಯಾವಾಗ್ಲೂ ನಂಗೇ. ಕೇಳ್ತಾನೇ ಇರ್ಲಿಲ್ಲ, ಕೊಟ್ಬಿಡೋರು.”

“ಬೇಜಾರಾಗ್ತಿತ್ತೇನ್ರೀ?”

“ಆಗಾದ್ರೂ ಓಡೋಕೆ ಬಿಡೋರಲ್ವಾ, ಅದೇ ಖುಷಿ,” ಎಂದು ನಕ್ಕು ಪುಸ್ತಕ ಮುಚ್ಚಿದ. “ಗುಬ್ಬಿ ಓದಿದ್ಲಾ?” ಎಂದು ಕೇಳಿದಾಗ ಮಾತ್ರ ನಗು ಇರಲಿಲ್ಲ.

ಮರುದಿನ ಅಕ್ಕ ಮುಖ್ಯಸ್ಥರ ಮುಂದೆ ಎರಡೂ ಪುಸ್ತಕ ಇಟ್ಟಳು. ನೀಲಿಯದು ಇರಲಿ, ಕಳ್ಳನದು ಮೇಲಿನ ಮಹಡಿಗೆ ಹೋಗಲಿ, ದೊಡ್ಡವರು ಬೇಕಾದರೆ ಓದಿಕೊಳ್ಳಲಿ ಎಂದಳು.

“ಮಕ್ಕಳಿಗೆ ಕಳ್ಳನದೇ ಅಲ್ವಾ ಇಷ್ಟ?”

“ನಗೋ ಮಕ್ಕಳನ್ನೇ ನೋಡ್ತಿದ್ದೆ ಸಾರ್. ನಗದೆ ಇರೋರನ್ನ ನೋಡಿರ್ಲಿಲ್ಲ.”

ದೂರು ಕೊಟ್ಟ ತಾಯಿಯನ್ನು ಅಕ್ಕ ಶನಿವಾರದ ಓದಿಗೆ ಕರೆದಳು. ಆಕೆ ಬಂದು, ನೀಲಿ ಪುಸ್ತಕದ ಕಥೆಯನ್ನು ಕೊನೆಯವರೆಗೂ ಕೇಳಿ, “ನಮ್ಮವನಿಗೆ ಇನ್ನೆರಡು ವರ್ಷ ಹೋಗ್ಲಿ,” ಎಂದು ತಿಮಿಂಗಿಲದ ಚಿತ್ರಪುಸ್ತಕ ತೆಗೆದುಕೊಂಡು ಹೋದಳು. ಅದೂ ಸರಿಯೇ ಎನ್ನಿಸಿತು ಅಕ್ಕನಿಗೆ. ಉಳಿದ ಹಳೆಯ ಪುಸ್ತಕಗಳನ್ನು ಅವಳು ಒಬ್ಬಳೇ ಓದಲಿಲ್ಲ. ಸಂಜೆ ಗುಬ್ಬಿಯನ್ನು ಪಕ್ಕ ಕೂರಿಸಿಕೊಂಡಳು. ಎಷ್ಟೋ ಪುಸ್ತಕಗಳಿಗೆ ಗುಬ್ಬಿ ಆಕಳಿಸಿಬಿಟ್ಟಳು. ಅವುಗಳಲ್ಲಿ ಕೆಲವು ಅಕ್ಕನ ಅಚ್ಚುಮೆಚ್ಚಿನವು. “ನೀನು ಆಕಳಿಸೋದನ್ನ ನೋಡಿದ್ರೆ ನನ್ನ ಬಾಲ್ಯಾನೇ ಮಹಡಿ ಹತ್ತಿಸ್ಬೇಕಾಗುತ್ತೆ ಕಣೇ,” ಎಂದು ಅಕ್ಕ ಮುನಿಸು ನಟಿಸಿದರೆ, ಗುಬ್ಬಿ ಅವಳ ಮಡಿಲಿಗೆ ಕಾಲು ಚಾಚಿ, “ಮುಂದಿನದು ಓದು,” ಎನ್ನುತ್ತಿದ್ದಳು.