ಉಣುಗಿನ ಜ್ವರ ಮತ್ತು ನಾನು ಹೇಳದ ಮಾತು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಮೂರನೇ ತರಗತಿಯ ಬೇಸಿಗೆ ರಜೆಯಲ್ಲಿ, ಸಿದ್ದಾಪುರದ ಆಸ್ಪತ್ರೆಯ ಮಂಚವೊಂದರ ಮೇಲೆ ಇಡೀ ಹಗಲು ಒಬ್ಬಳೇ ಮಲಗಿದ್ದೆ. ಅಷ್ಟು ಉದ್ದದ ಹಗಲನ್ನು ಆಮೇಲೆ ನಾನು ಕಂಡಿಲ್ಲ.

ಅದಕ್ಕೆ ಒಂದು ವಾರ ಮೊದಲು ಅಕ್ಕನೂ ನಾನೂ ಮುಳ್ಳುಪೊದೆಯ ಕವಳಿ ಹಣ್ಣು ಕೊಯ್ಯಲು ಹೋಗಿದ್ದೆವು. ಹಳ್ಳದ ಆಚೆ ಕಾಲಿಡಬಾರದೆಂದು ಅಪ್ಪ ಹೇಳಿದ್ದ. ಆ ವರ್ಷ ನಮ್ಮ ಸುತ್ತಿನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸತ್ತ ಮಂಗನ ಮೈಯಿಂದ ಉದುರಿದ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಮನುಷ್ಯರನ್ನು ಕಚ್ಚಿದರೆ ಕೆಟ್ಟ ಜ್ವರ ಬರುತ್ತದೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಆದರೆ ಹಣ್ಣು ಆಚೆ ದಡದಲ್ಲೇ ಕಪ್ಪಗೆ ತೂಗುತ್ತಿದ್ದವು! ನಾವು ದಾಟಿದೆವು. ಬಾಯಿ ತುಂಬ ಹುಳಿಸಿಹಿ, ಬೆರಳಿಗೆಲ್ಲ ಅಂಟುವ ಬಿಳಿ ಮೇಣ. ಇನ್ನೊಂದು ಪೊದೆಗೆ ಕೈ ಹಾಕುವಷ್ಟರಲ್ಲಿ ಅದರ ಬುಡದಲ್ಲಿ ಸತ್ತು ಬಿದ್ದ ಮಂಗ ಕಂಡಿತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು.

"ಯಾರ ಹತ್ರನೂ ಹೇಳಡ. ಅಪ್ಪಂಗೆ ಗೊತ್ತಾದ್ರೆ ಹೊಡಿತ," ಎಂದು ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಳು. ಸಂಜೆ ಅಕ್ಕ ಸ್ನಾನ ಮಾಡಿಸುವಾಗ ನನ್ನ ಮೊಣಕಾಲಿನ ಹಿಂದೆ ಎಳ್ಳಿನಷ್ಟು ಸಣ್ಣ ಉಣುಗು ಕಚ್ಚಿಕೊಂಡಿತ್ತು. ಅವಳು ಅದನ್ನು ಉಗುರಿನಿಂದ ಕಿತ್ತು ಬಚ್ಚಲ ಒಲೆಗೆ ಎಸೆದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಆರನೆಯ ದಿನ ನನಗೆ ಜ್ವರ ಬಂತು. ತಲೆ ಸೀಳುವಂಥ ನೋವು, ಕಣ್ಣು ಕೆಂಡ, ಸೊಂಟ ಮುರಿದ ಹಾಗೆ. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದ. ಡಾಕ್ಟರು ನನ್ನ ಕೈಯಿಂದ ರಕ್ತ ತೆಗೆದು, "ಕಾಡಿಗೆ ಹೋಗಿದ್ಯಾ ಪುಟ್ಟಿ? ಉಣುಗು ಕಚ್ಚಿತ್ತಾ? ಸತ್ತ ಮಂಗ ಎಲ್ಲಾದ್ರೂ ಕಂಡಿದ್ಯಾ?" ಎಂದು ಕೇಳಿದರು. ಪಕ್ಕದಲ್ಲಿ ಅಪ್ಪ ನಿಂತಿದ್ದ. ಮೂರಕ್ಕೂ ನಾನು ಇಲ್ಲವೆಂದು ತಲೆ ಆಡಿಸಿದೆ.

ಮನೆಯಲ್ಲಿ ಅಮ್ಮ ಹಸಿ ಬಾಣಂತಿ. ಗದ್ದೆ, ದನಕರು ಎಲ್ಲ ಅಪ್ಪನದೇ. "ನಾಳೆ ಬೆಳಿಗ್ಗೆ ಬರ್ತೆ ಮಗಾ," ಎಂದು ನನ್ನ ಹಣೆ ಮುಟ್ಟಿ ಹೊರಟ. ಅವನ ಚಪ್ಪಲಿ ಸದ್ದು ಮೆಟ್ಟಿಲ ಕೆಳಗೆ ನಿಂತುಹೋದ ಮೇಲೂ ನಾನು ಕೇಳುತ್ತಲೇ ಇದ್ದೆ.

ಮಂಗನ ಜ್ವರವಿರಬಹುದು ಎಂದು ಗೊತ್ತಾದದ್ದೇ ತಡ, ಪಕ್ಕದ ಮಂಚದ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರದ ಮಂಚಕ್ಕೆ ಹೋದಳು. "ಅದು ಒಬ್ಬರಿಂದ ಒಬ್ಬರಿಗೆ ಬರೂದಿಲ್ಲ ಮಾರಾಯ್ತಿ," ಎಂದು ನರ್ಸಮ್ಮ ಹೇಳಿದರೂ ಕೇಳಲಿಲ್ಲ. ಫಿನಾಯಿಲ್ ವಾಸನೆ, ಟಿಕ್ ಟಿಕ್ ಎನ್ನುವ ಫ್ಯಾನು, ನನ್ನ ಸುತ್ತ ಖಾಲಿ ಮಂಚಗಳು. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವುದನ್ನು ನೋಡುತ್ತಾ ಮಲಗಿದೆ. ನೋವಿಗಿಂತ ನಾನು ಡಾಕ್ಟರಿಗೆ ಹೇಳದೆ ಬಚ್ಚಿಟ್ಟ ಮಾತು ಹೆಚ್ಚು ಭಾರವಾಗಿತ್ತು. ಅಳು ಬಂದರೂ ಯಾಕೆಂದು ಯಾರಿಗೂ ಹೇಳುವಂತಿರಲಿಲ್ಲ.

ಮಧ್ಯಾಹ್ನ ನರ್ಸಮ್ಮ ಗಂಜಿ ತಂದು ಚಮಚದಲ್ಲಿ ಕುಡಿಸುತ್ತಾ, "ನಿನ್ನ ಜೊತೆ ಆಡುವವರು ಯಾರೆ?" ಎಂದು ಸುಮ್ಮನೆ ಕೇಳಿದರು.

"ಅಕ್ಕ," ಎಂದೆ. ಹಾಗೆನ್ನುವಾಗಲೇ ಹೊಳೆಯಿತು. ಅಕ್ಕನೂ ಅದೇ ಪೊದೆಗಳಲ್ಲಿ ಹಣ್ಣು ಕೊಯ್ದಿದ್ದಳಲ್ಲ! ಹಳ್ಳ, ಹಣ್ಣು, ಮಂಗ, ಉಣುಗು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಅಪ್ಪಂಗೆ ಹೇಳಬೇಡಿ," ಎಂದು ಅತ್ತೆ. ನರ್ಸಮ್ಮ ಬಟ್ಟಲನ್ನು ಅಲ್ಲೇ ಇಟ್ಟು ಡಾಕ್ಟರ ಕೋಣೆಗೆ ಓಡಿದರು.

ಅದೇ ಸಂಜೆ ಆಸ್ಪತ್ರೆಯ ಜೀಪು ಊರಿಗೆ ಹೋಯಿತು. ಅಕ್ಕ ಮೈ ಸುಡುತ್ತಿದ್ದರೂ ಬಿಸಿಲಿಗೆ ತಲೆನೋವು ಎಂದು ಸುಳ್ಳು ಹೇಳಿ ಒಳಗೆ ಮಲಗಿದ್ದಳಂತೆ. ಅವಳನ್ನು ಕರೆತಂದು ನನ್ನ ಪಕ್ಕದ ಮಂಚದಲ್ಲೇ ಮಲಗಿಸಿದರು. ಜೊತೆಗೆ ಬಂದ ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಇಬ್ಬರ ನಡುವೆ ನೆಲದ ಮೇಲೆ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದ.

ಆದರೆ ಅಕ್ಕ ನನ್ನತ್ತ ತಿರುಗಲಿಲ್ಲ. ಆಣೆ ಮುರಿದವಳು ನಾನು. ನಾಲ್ಕು ದಿನ ಅವಳ ಬೆನ್ನನ್ನೇ ನೋಡಿದೆ. ಒಬ್ಬಳೇ ಇದ್ದಾಗಿನದಕ್ಕಿಂತ ಅದೇ ಹೆಚ್ಚು ಒಂಟಿತನ. ನನಗೆ ಜ್ವರ ಇಳಿಯಿತು, ಅವಳಿಗೆ ಏರಿತು, ಮೂಗಿನಿಂದ ರಕ್ತವೂ ಬಂತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಐದನೆಯ ದಿನ ಬೆಳಿಗ್ಗೆ ಅಕ್ಕ ಮೆಲ್ಲಗೆ ಈಚೆ ಹೊರಳಿ, "ಏ, ನೀರು ಕೊಡೆ," ಎಂದಳು. ನಾನು ಅವಸರದಲ್ಲಿ ಲೋಟ ಹಿಡಿದು ಅರ್ಧ ನೀರನ್ನು ಅವಳ ಕುತ್ತಿಗೆಗೇ ಚೆಲ್ಲಿದೆ.

ಈಗ ನೀವು ಕಾಡಿನ ಕಡೆ ಹೊರಟರೆ ಕೈಕಾಲಿಗೆ ಎಣ್ಣೆ ಹಚ್ಚಿ, ಉದ್ದ ತೋಳಿನ ಅಂಗಿ ಹಾಕಿ ಕಳಿಸುತ್ತಾರೆ. ಬಂದ ಕೂಡಲೇ ಬಿಸಿನೀರಿನ ಸ್ನಾನ. ಜ್ವರ ಬಂದರೆ ಫೋನು ಮಾಡಿದ ಕೂಡಲೇ ಆಂಬುಲೆನ್ಸ್ ಬರುತ್ತದೆ, ಆಸ್ಪತ್ರೆಯಲ್ಲಿ ಮಲಗಿದ್ದರೂ ಮೊಬೈಲಿನಲ್ಲಿ ಅಮ್ಮನ ಮುಖ ಕಾಣುತ್ತದೆ. ನಾನು ಕಂಡಂಥ ಹಗಲು ನಿಮಗೆ ಬರುವುದಿಲ್ಲ, ಬರುವುದೂ ಬೇಡ. ಆದರೂ ದೊಡ್ಡವರಿಗೆ ಹೇಳಲಾರದ ಮಾತು ನಿಮ್ಮ ಹತ್ತಿರವೂ ಇರುತ್ತದೆ, ನನಗೆ ಗೊತ್ತು. ಊಟಕ್ಕೆ ಕೂತಾಗ ನೀವು ತಟ್ಟೆಯನ್ನೇ ನೋಡುತ್ತಿದ್ದರೆ ನಾನು ಏನೂ ಕೇಳುವುದಿಲ್ಲ. ಬಂದು ಪಕ್ಕದಲ್ಲಿ ಕೂತುಕೊಳ್ಳಿ, ಸಾಕು. ಬೈಯುವುದಿಲ್ಲ.